ಕುಲಸಚಿವನಾದರೆ ಪ್ರಯೋಗಾಲಯವನ್ನೂ ಜೊತೆಗೆ ನಡೆಸಬಹುದೇ?

ರಾಯಚೂರಿನಲ್ಲಿ ರಸಾಯನಶಾಸ್ತ್ರ ಕಲಿಸುವ ನೀವು, ವಿಶ್ವವಿದ್ಯಾಲಯದ ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ಮೌಲ್ಯಮಾಪನ ಕುಲಸಚಿವರಾದ ಮೇಲೂ ಸಂಜೆ ಎರಡು ತಾಸು ಪ್ರಯೋಗಾಲಯಕ್ಕೆ ಕೊಡಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಈ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಆ ಹುದ್ದೆ ವಹಿಸಿಕೊಂಡಿದ್ದೆ.

ಆಗ ನನ್ನ ಸಂಶೋಧನಾ ವಿದ್ಯಾರ್ಥಿನಿ ಕುಷ್ಟಗಿ ಸೀಮೆಯ ಕೊಳವೆಬಾವಿಗಳ ಫ್ಲೋರೈಡ್ ಅಳೆಯುತ್ತಿದ್ದಳು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅಳೆಯುವ ಎಲೆಕ್ಟ್ರೋಡನ್ನು ಕೆಲಸ ಮಾಡುವ ಪ್ರತಿದಿನವೂ ಗೊತ್ತಿರುವ ಪ್ರಮಾಣದ ದ್ರಾವಣಗಳಲ್ಲಿಟ್ಟು ಕ್ಯಾಲಿಬ್ರೇಶನ್ ಮಾಡಲೇಬೇಕು, ಅಂದರೆ ಅದು ತೋರುವ ವೋಲ್ಟೇಜಿಗೂ ಫ್ಲೋರೈಡ್ ಪ್ರಮಾಣಕ್ಕೂ ಇರುವ ನಂಟಿನ ರೇಖೆ ಎಳೆದುಕೊಳ್ಳಬೇಕು. ಆ ವೋಲ್ಟೇಜ್ 10 ಮಿಲಿವೋಲ್ಟ್ ಸರಿದರೆ ಉತ್ತರ ಸುಮಾರು ಒಂದೂವರೆ ಪಟ್ಟು ತಪ್ಪುತ್ತದೆ.

ಪರೀಕ್ಷೆಗಳು ಶುರುವಾದ ಮೇಲೆ ನಾನು ಪ್ರಯೋಗಾಲಯಕ್ಕೆ ಹೋಗುವುದು ನಿಂತು, ಅವಳ ನೋಟ್‌ಬುಕ್ಕೇ ನನ್ನ ಕಚೇರಿಗೆ ಬರತೊಡಗಿತು. ನನ್ನ ತಪ್ಪು ಇಲ್ಲಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಚೇರಿಯ ಕಡತದಲ್ಲಿ ಕೆಳಗಿನವರ ಟಿಪ್ಪಣಿ, ಅಧೀಕ್ಷಕರ ಸಹಿ, ಉಪಕುಲಸಚಿವರ ಶಿಫಾರಸು ಎಲ್ಲವೂ ಇರುವುದರಿಂದ ಅವರನ್ನು ನಂಬಿ ಸಹಿ ಹಾಕುವುದೇ ಅಲ್ಲಿನ ಕ್ರಮ. ಹಾಗಲ್ಲದೆ ದಿನಕ್ಕೆ ಅಷ್ಟು ಕಡತಗಳು ಸಾಗವು. ಪ್ರಯೋಗಾಲಯದ ನೋಟ್‌ಬುಕ್ಕಿನಲ್ಲಿ ಮಾರ್ಗದರ್ಶಕನ ಸಹಿಗೆ 'ನಾನು ನೋಡಿದ್ದೇನೆ' ಎಂಬುದೊಂದೇ ಅರ್ಥ. ನಾನು ಕಡತದ ಸಹಿಯನ್ನು ಅಲ್ಲಿಯೂ ಹಾಕಿದೆ. ಮಳೆಗಾಲಕ್ಕೆ ಮುಂಚೆ ಮುಗಿಸುವ ಆತುರದಲ್ಲಿ ಅವಳು ಮೂರು ವಾರ ಹಳೆಯ ಕ್ಯಾಲಿಬ್ರೇಶನ್ ರೇಖೆಯನ್ನೇ ಬಳಸಿದ್ದಳು, ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ರೇಖೆಯ ದಿನಾಂಕ ಪ್ರತಿ ಪುಟದ ಮೇಲೂ ಇತ್ತು. 1.6 ಇದ್ದ ನೀರು 1.1 ಎಂದು ದಾಖಲಾಗಿತ್ತು, ಅಂದರೆ ಕುಡಿಯಬಾರದ ನೀರಿಗೆ ನಾನು ಸಹಿ ಹಾಕಿದ್ದೆ. ವರದಿ ಹೊರಬೀಳುವ ಮೊದಲೇ ತಿಳಿಯಿತೆಂಬುದೊಂದೇ ಸಮಾಧಾನ. ಅಷ್ಟರಲ್ಲಿ ಮಳೆ ಬಂದು ಬಾವಿಗಳ ನೀರು ಬದಲಾಗಿತ್ತು. ಬೇಸಿಗೆಯ ಮಾದರಿಗಾಗಿ ಅವಳು ಮತ್ತೊಂದು ವರ್ಷ ಕಾಯಬೇಕಾಯಿತು.

ಸಿ.ಎನ್.ಆರ್. ರಾವ್ ಅವರು 1984ರಿಂದ 1994ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದೂ ಸಂಶೋಧನೆ ಬಿಡಲಿಲ್ಲ ಎಂದು ನಿಮಗೆ ಹೇಳುವವರಿದ್ದಾರೆ. ಅವರ ಸುತ್ತ ನುರಿತ ಸಂಶೋಧಕರ ಬಳಗವಿತ್ತು. ನಮ್ಮಂಥವರ ಪ್ರಯೋಗಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಂದು ಎಲೆಕ್ಟ್ರೋಡ್.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ 'ಎರಡು ತಾಸು' ಎಂಬುದನ್ನೇ ನಾನು ಒಪ್ಪುವುದಿಲ್ಲ. ಆಡಳಿತ ಕೀಳು ಕೆಲಸವಲ್ಲ. ಫಲಿತಾಂಶ ಸಕಾಲಕ್ಕೆ ಬಂದರೆ ಸಾವಿರಾರು ಮಕ್ಕಳ ಒಂದು ವರ್ಷ ಉಳಿಯುತ್ತದೆ. ಹೋಗುವುದಾದರೆ ಪೂರ್ತಿ ಹೋಗಿ. ಅದಕ್ಕೂ ಮೊದಲು ಸಹೋದ್ಯೋಗಿಯೊಬ್ಬರನ್ನು ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರನ್ನಾಗಿ ಲಿಖಿತವಾಗಿ ನೇಮಿಸಿ, ನೋಟ್‌ಬುಕ್ಕಿಗೆ ಸಹಿ ಹಾಕುವ ಹಕ್ಕನ್ನೂ ಬೀಗದ ಕೈಯನ್ನೂ ಅವರಿಗೆ ಒಪ್ಪಿಸಿಬಿಡಿ.