ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗದ ಪಿಕಪ್: ಪರ್ಜ್ ವಾಲ್ವ್ ನೋಡಿ

ನಮಸ್ಕಾರ. ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸುವ ನಿಮ್ಮ ಹಳೆಯ ಪೆಟ್ರೋಲ್ ಪಿಕಪ್, ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಸ್ಕ್ಯಾನರ್ ಪಿ0441 (ಪೆಟ್ರೋಲ್ ಆವಿಯ ಹರಿವು ಸರಿಯಿಲ್ಲ ಎನ್ನುವ ದೋಷದ ಕೋಡ್) ತೋರಿಸುತ್ತದೆ ಎಂದು ಬರೆದಿದ್ದೀರಿ. ಇವೆರಡೂ ಒಟ್ಟಿಗೆ ಬಂದಾಗ ನಾನು ಮೊದಲು ಅನುಮಾನಿಸುವುದು ಪರ್ಜ್ ವಾಲ್ವನ್ನೇ, ಅಂದರೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಬೇಕಾದಾಗ ಮಾತ್ರ ಇಂಜಿನ್ನಿಗೆ ಬಿಡುವ ವಿದ್ಯುತ್ ವಾಲ್ವನ್ನು. ಅದು ತೆರೆದೇ ಸಿಕ್ಕಿಕೊಂಡರೆ ಟ್ಯಾಂಕಿನ ಆವಿ ನೇರವಾಗಿ ಇಂಜಿನ್ನಿಗೆ ನುಗ್ಗಿ ಗಾಳಿ-ಪೆಟ್ರೋಲ್ ಮಿಶ್ರಣ ಕೆಡುತ್ತದೆ. ಇಂಜಿನ್ ತಣ್ಣಗಾದ ಮೇಲೆ, ಹತ್ತಿರದಲ್ಲಿ ಬೀಡಿ, ಬೆಂಕಿ ಯಾವುದೂ ಇಲ್ಲದಂತೆ ನೋಡಿಕೊಂಡು, ವಾಲ್ವನ್ನು ಬಿಚ್ಚಿ ಸ್ವಚ್ಛವಾದ ಪೈಪಿನ ಮೂಲಕ ಊದಿ ನೋಡಿ: ಕರೆಂಟ್ ಇಲ್ಲದಾಗ ಗಾಳಿ ದಾಟಲೇಬಾರದು. ದಾಟಿದರೆ ಬದಲಿಸಿ. ಆದರೆ ವಾಲ್ವನ್ನು ಅಂಗೈಗೆ ತಟ್ಟಿದಾಗ ಇದ್ದಿಲಿನ ಕಪ್ಪು ಕಾಳು ಉದುರಿದರೆ ಕ್ಯಾನಿಸ್ಟರ್ (ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ) ಕೂಡ ಒಳಗೆ ಒಡೆದಿದೆ. ವಾಲ್ವ್ ಒಂದನ್ನೇ ಹಾಕಿಸಿದರೆ ಹೊಸದೂ ಬೇಗ ಕಟ್ಟಿಕೊಳ್ಳುತ್ತದೆ. ನಾಜಲ್ ತಾನಾಗಿ ನಿಂತ ಮೇಲೂ ಬಾಯಿಮಟ್ಟ ತುಂಬಿಸುವುದನ್ನು ದಯವಿಟ್ಟು ಬಿಡಿ, ಉಕ್ಕಿದ ಪೆಟ್ರೋಲ್ ಕ್ಯಾನಿಸ್ಟರ್‌ಗೆ ಇಳಿದು ಇದ್ದಿಲನ್ನು ಹಾಳುಮಾಡುವುದು ಹೀಗೆಯೇ.