ಅಟ್ಟದಿಂದ ಇಳಿದ ರಿದಂ ಬಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆ ಎಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅವರ ರಿದಂ ಬಾಕ್ಸ್ (ತಾಳ ನುಡಿಸುವ ಯಂತ್ರ) ರೋಲ್ಯಾಂಡ್ ಟಿಆರ್-606 ಸಿಕ್ಕಿತು. ಸೆಲ್ ಹಾಕುವ ಜಾಗದಲ್ಲೆಲ್ಲ ಹಸಿರು, ಬಿಳಿ ಪುಡಿ ಮೆತ್ತಿಕೊಂಡಿದೆ. ಹೊಸ ಸೆಲ್ ಹಾಕಿ ಆನ್ ಮಾಡಬಹುದೇ?
– ಹನುಮಂತನಗರದ ಓದುಗರು

ಉತ್ತರ: ದಯವಿಟ್ಟು ಈಗಲೇ ಆನ್ ಮಾಡಬೇಡಿ. ಮೊದಲು ಆ ಪುಡಿ ಯಾವುದೆಂದು ತಿಳಿಯಬೇಕು. 606 ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಆಗ ನಮ್ಮಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಟಾರ್ಚಿಗೆ ಹಾಕುವ ಕಾರ್ಬನ್ ಸೆಲ್. ಅದು ಸೋರಿದರೆ ಆಮ್ಲದ ಗುಣ. ಅಡುಗೆ ಸೋಡಾವನ್ನು ಚೂರು ನೀರಿನಲ್ಲಿ ಕಲಸಿ ಹತ್ತಿಯಿಂದ ಒರೆಸಬೇಕು. ಸೆಲ್ ಮೇಲೆ ಆಲ್ಕಲೈನ್ ಎಂದು ಬರೆದಿದ್ದರೆ ಸೋರಿದ್ದು ಕ್ಷಾರ. ಅದಕ್ಕೆ ವಿನೆಗರ್ ಅಥವಾ ನಿಂಬೆರಸ. ಹತ್ತಿ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ.

ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಸ್ಪ್ರಿಂಗಿನಿಂದ ಬೋರ್ಡಿಗೆ ಹೋಗುವ ವೈರಿನ ತುದಿಯನ್ನು ಸ್ವಲ್ಪ ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಸರಿ. ಕಪ್ಪಗಿದ್ದರೆ ಸೋರಿದ ದ್ರವ ಪ್ಲಾಸ್ಟಿಕ್ ಹೊದಿಕೆಯೊಳಗೇ ಹತ್ತಿಕೊಂಡು ಹೋಗಿದೆ ಎಂದರ್ಥ. ಅಂಥ ವೈರಿಗೆ ಸೋಲ್ಡರ್ ಹಿಡಿಯುವುದಿಲ್ಲ, ಪೂರ್ತಿ ಬದಲಿಸಿ. ಹೊರಗೆ ಚೊಕ್ಕವಾಗಿ ಕಾಣುವ ಯಂತ್ರ ಕೆಲಸ ಮಾಡದಿದ್ದರೆ ನಾನು ಮೊದಲು ನೋಡುವುದು ಈ ವೈರನ್ನೇ.

ಅಡಾಪ್ಟರ್ ಬಳಸುವುದಾದರೆ 606ಕ್ಕೆ 9 ವೋಲ್ಟ್, ಪ್ಲಗ್ಗಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಅಂಗಡಿಯಲ್ಲಿ ಸುಮ್ಮನೆ 9 ವೋಲ್ಟ್ ಅಡಾಪ್ಟರ್ ಕೊಡಿ ಎಂದರೆ ಕೈಗೆ ಬರುವುದು ಹೆಚ್ಚಾಗಿ ಇದಕ್ಕೆ ಉಲ್ಟಾ. ಮಲ್ಟಿಮೀಟರ್ ಇಟ್ಟು ನೋಡದೆ ಚುಚ್ಚಬೇಡಿ.

ಇನ್ನೊಂದು ಮಾತು. ಸೆಲ್ ಸತ್ತಾಗ ಮೆಮೊರಿಯೂ ಅಳಿಸಿಹೋಗಿರುತ್ತದೆ, ತಂದೆಯವರು ಕೂಡಿಸಿಟ್ಟ ತಾಳದ ವಿನ್ಯಾಸಗಳು, ಅಂದರೆ ಪ್ಯಾಟರ್ನ್‌ಗಳು ಯಂತ್ರದಲ್ಲಿ ಸಿಗುವುದಿಲ್ಲ. ಆದರೆ ಆಗಿನವರಲ್ಲಿ ಹಲವರು ಪ್ಯಾಟರ್ನ್‌ಗಳನ್ನು ಕಾಗದದ ಮೇಲೆ ಹದಿನಾರು ಮನೆ (ಯಂತ್ರದ ಒಂದೊಂದು ಹೆಜ್ಜೆಗೆ ಒಂದು) ಹಾಕಿ ಗುರುತು ಮಾಡಿಕೊಳ್ಳುತ್ತಿದ್ದರು. ಅವರ ಹಾಡಿನ ಪುಸ್ತಕ, ಡೈರಿಗಳನ್ನು ರದ್ದಿಗೆ ಹಾಕುವ ಮುನ್ನ ಒಂದೊಂದು ಪುಟವನ್ನೂ ತಿರುವಿ ನೋಡಿ.

ಪ್ರಶ್ನೆ: ಸ್ನೇಹಿತರೆಲ್ಲ ಸೇರಿ ನಮ್ಮ ಸ್ಟುಡಿಯೋಗೆ ಜಪಾನಿನಿಂದ ರೋಲ್ಯಾಂಡಿನ ರಿದಂ ಬಾಕ್ಸ್ ಟಿಆರ್-808 ತರಿಸಿದ್ದೇವೆ. ಕೌಬೆಲ್ (ಹಸುವಿನ ಗಂಟೆಯ ದನಿ) ಒಂದೇ ಸ್ವರದಲ್ಲಿ ಕೂಗುತ್ತದೆ, ಹೈಹ್ಯಾಟ್ (ಜೋಡಿ ಲೋಹದ ತಟ್ಟೆಗಳ ದನಿ) ತೆಳುವಾಗಿದೆ. ತೋರಿಸಿದ ಕಡೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಎಲ್ಲವನ್ನೂ ಬದಲಿಸಬೇಕು ಎಂದರು. ಒಪ್ಪಬಹುದೇ?
– ಜೆ.ಪಿ. ನಗರದ ಓದುಗರು

ಉತ್ತರ: ಒಪ್ಪಬೇಡಿ. ರೋಗದ ಗುರುತು ನಿಮ್ಮ ಪತ್ರದಲ್ಲೇ ಇದೆ. 808ರ ಒಳಗೆ ಚೌಕ ಅಲೆ ಹೊರಡಿಸುವ, ಅಂದರೆ ಸ್ವರ ಹುಟ್ಟಿಸುವ, ಆರು ಆಸಿಲೇಟರ್‌ಗಳಿವೆ. ಆರೂ ಸೇರಿದರೆ ಸಿಂಬಲ್ ಮತ್ತು ಹೈಹ್ಯಾಟ್. ಅವುಗಳಲ್ಲಿ ಎರಡು ಮಾತ್ರ, ಸುಮಾರು 540 ಮತ್ತು 800 ಹರ್ಟ್ಸಿನವು, ಕೂಡಿದರೆ ಕೌಬೆಲ್. ಕೌಬೆಲ್ಲಿನಲ್ಲಿ ಒಂದೇ ಸ್ವರ ಕೇಳುತ್ತಿದ್ದರೆ ಆ ಎರಡರಲ್ಲಿ ಒಂದು ನಿಂತಿರಬೇಕು. ಹೈಹ್ಯಾಟಿಗೂ ಅದೇ ಆಸಿಲೇಟರ್ ಹೋಗುವುದರಿಂದ ಅದೂ ಸೊರಗಿದೆ. ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಆರರ ಔಟ್‌ಪುಟ್ಟನ್ನೂ ಒಂದೊಂದಾಗಿ ನೋಡಿದರೆ ಸತ್ತದ್ದು ಯಾವುದೆಂದು ಕಾಣುತ್ತದೆ. ಕೌಬೆಲ್ಲಿನ ಆ ಎರಡಕ್ಕೆ ಸ್ವರ ಹೊಂದಿಸುವ ಪುಟ್ಟ ಟ್ರಿಮ್ಮರ್‌ಗಳಿವೆ. ಐಸಿ (ಚಿಪ್) ಕೀಳುವ ಮೊದಲು ಅವನ್ನೂ ಪರೀಕ್ಷಿಸಲಿ.

ಕೆಪಾಸಿಟರ್ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ವಿದ್ಯುತ್ ಪೂರೈಕೆ ಭಾಗದ, ಒಳಗೆ ದ್ರವವಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ನಲವತ್ತು ವರ್ಷದಲ್ಲಿ ಒಣಗಿರುತ್ತವೆ, ಅವನ್ನು ಬದಲಿಸಲಿ. ಧ್ವನಿ ಹುಟ್ಟುವ ಕಡೆ ಇರುವ ಫಿಲ್ಮ್ ಕೆಪಾಸಿಟರ್‌ಗಳು ಹಾಗೆ ಒಣಗುವಂಥವಲ್ಲ. 808ರ ಬಾಸ್ ಡ್ರಮ್ಮಿನಲ್ಲಿ ರೆಕಾರ್ಡ್ ಮಾಡಿಟ್ಟ ಶಬ್ದ ಯಾವುದೂ ಇಲ್ಲ. ಗುಡಿಯ ಗಂಟೆಗೆ ಒಮ್ಮೆ ಹೊಡೆದರೆ ಅದು ಮೊಳಗುತ್ತ ಇಳಿಯುತ್ತದಲ್ಲ, ಹಾಗೆ ಒಂದು ಸಣ್ಣ ಪಲ್ಸ್ ಬಿದ್ದೊಡನೆ ಸರ್ಕ್ಯೂಟೇ ಮೊಳಗಿ ಆರುತ್ತದೆ. ಆ ಸ್ವರ, ಆ ಇಳಿತ ಎರಡೂ ಅಲ್ಲಿನ ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆಯಲ್ಲೇ ಅಡಗಿವೆ. ಚೆನ್ನಾಗಿರುವ ಬಿಡಿಭಾಗವನ್ನು ಕಿತ್ತು ಬೇರೆಯದು ಹಾಕಿದರೆ ನೀವು ಹಣ ಕೊಟ್ಟು ತರಿಸಿದ ದನಿಯೇ ಬದಲಾದೀತು. ನಾಯ್ಸ್ (ಸುಯ್ ಎನ್ನುವ ಸದ್ದು) ಹುಟ್ಟಿಸುವ ಟ್ರಾನ್ಸಿಸ್ಟರಿಗಂತೂ ಕೈ ಹಚ್ಚಲೇಬಾರದು. ದೋಷವಿದೆ ಎಂದು ತಿರಸ್ಕೃತವಾದ ಟ್ರಾನ್ಸಿಸ್ಟರ್‌ಗಳನ್ನೇ ಆರಿಸಿ ಬಳಸಿದ್ದಾಗಿ ರೋಲ್ಯಾಂಡ್ ಸ್ಥಾಪಕ ಇಕುತಾರೋ ಕಕೆಹಾಶಿ ಹೇಳಿದ್ದರು. 1980ರಿಂದ 1983ರವರೆಗೆ ತಯಾರಾದದ್ದು ಸುಮಾರು 12,000 ಯಂತ್ರ. ಅದರಲ್ಲಿ ಒಂದು ನಮ್ಮ ಊರಿಗೆ ಬಂದಿದೆ, ಜೋಪಾನ ಮಾಡಿ.

ಜಪಾನಿನ ಯಂತ್ರ ಕೇಳುವುದು 100 ವೋಲ್ಟ್. ನಮ್ಮ ಗೋಡೆಯ 230ಕ್ಕೆ ನೇರ ಹಾಕಿದರೆ ಅಲ್ಲಿಗೆ ಮುಗಿಯಿತು. ಅಮೆರಿಕದ ಸಾಮಾನಿಗೆಂದು ಮಾರುವ 110 ವೋಲ್ಟಿನದು ಬೇಡ, 100 ಎಂದೇ ಕೇಳಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಾಡಿಸಿಕೊಳ್ಳಿ.

ಪ್ರಶ್ನೆ: ಈ ಯಂತ್ರಗಳಲ್ಲಿ ನಮ್ಮ ತಾಳಗಳನ್ನು ಕೂಡಿಸಲು ಆಗುತ್ತದೆಯೇ?
– ಮಲ್ಲೇಶ್ವರದ ಓದುಗರು, ಮೃದಂಗ ವಿದ್ಯಾರ್ಥಿ

ಉತ್ತರ: ಖಂಡಿತ. 1982ರಲ್ಲೇ ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ 808 ಮತ್ತು ರೋಲ್ಯಾಂಡಿನದೇ ಬಾಸ್ ಸಿಂಥಸೈಸರ್ ಟಿಬಿ-303 ಇಟ್ಟುಕೊಂಡು ರಾಗಗಳನ್ನು ರೆಕಾರ್ಡ್ ಮಾಡಿದ್ದರು. ಹದಿನಾರು ಮನೆಯಲ್ಲಿ ಆದಿತಾಳದ ಎಂಟು ಅಕ್ಷರ ಸಲೀಸಾಗಿ ಕೂರುತ್ತದೆ, ಅಕ್ಷರಕ್ಕೆ ಎರಡು ಮನೆ. ಏಳು ಅಕ್ಷರದ ಮಿಶ್ರಛಾಪಿಗೆ ಪ್ಯಾಟರ್ನನ್ನು ಹದಿನಾಲ್ಕನೇ ಮನೆಗೆ ನಿಲ್ಲಿಸಿ. 808ರಲ್ಲಿ ಆ ಸೌಲಭ್ಯ ಇದೆ. ಮೊದಲ ಆರು ಮನೆ ತಕಿಟ, ಉಳಿದ ಎಂಟು ತಕಧಿಮಿ. ಒಂದನೇ ಮನೆಗೆ ಬಾಸ್, ಏಳನೇ ಮನೆಗೆ ಡ್ರಮ್ಮಿನ ಅಂಚಿಗೆ ಹೊಡೆದ ದನಿಯ ರಿಮ್‌ಶಾಟ್ ಇಟ್ಟು ಶುರುಮಾಡಿ. ಐದು ಅಕ್ಷರದ ಖಂಡಛಾಪಿಗೆ ಹತ್ತು ಮನೆ. ಗಮಕ, ಗುಮಕಿ (ಮೃದಂಗದ ಎಡಭಾಗದಲ್ಲಿ ಎಳೆದ ನಾದ) ಇಲ್ಲಿ ಸಿಗುವುದಿಲ್ಲ. ಕಾಲಪ್ರಮಾಣ ಅಭ್ಯಾಸ ಮಾಡುವುದಕ್ಕೆ ಮಾತ್ರ ಇದು ತುಂಬಾ ಒಳ್ಳೆಯ ಜೊತೆಗಾರ.

ಪ್ರಶ್ನೆ: ಬಿಡಿಭಾಗಗಳು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತವೆ?
– ಯಲಹಂಕದ ಓದುಗರು

ಉತ್ತರ: ರೆಸಿಸ್ಟರ್, ಎಲೆಕ್ಟ್ರೋಲಿಟಿಕ್, ಸೆಲ್ ಸ್ಪ್ರಿಂಗ್, ಒತ್ತುವ ಸಣ್ಣ ಸ್ವಿಚ್ಚುಗಳಿಗೆ ಎಸ್‌.ಪಿ. ರೋಡ್ ಸಾಕು. ಹಳೆಯ ಸ್ವಿಚ್ಚನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ; ಕಾಲಿನ ಅಂತರ, ಗುಂಡಿಯ ಎತ್ತರ ಎರಡೂ ಹೊಂದಬೇಕು. ಹಳೆಯ ಜಪಾನಿ ಐಸಿ ಎಂದು ಯಾರಾದರೂ ಕೊಟ್ಟರೆ ಮೇಲಿನ ಅಕ್ಷರವನ್ನು ಆಲ್ಕೋಹಾಲಿನಲ್ಲಿ ಉಜ್ಜಿ ನೋಡಿ. ಅಳಿಸಿ ಬಂದರೆ ಮರುಮುದ್ರಿಸಿದ್ದಿರಬಹುದು, ವಾಪಸ್ ಕೊಟ್ಟುಬಿಡಿ.