ರಾತ್ರಿ ಊಟಕ್ಕೆ ಎಂತ? ಪೆರ್ಲದ ಕಡೆಯಿಂದ ಉತ್ತರ

ದಾವಣಗೆರೆಯ ಅಕ್ಕ ಒಬ್ಬರು ಕೇಳಿದ ಪ್ರಶ್ನೆ ಇದು: "ನೀವು ಇರೋದು ಕೇರಳದಲ್ಲಿ, ಮನೇಲಿ ಮಾತಾಡೋದು ಕನ್ನಡ. ಹಾಗಾದ್ರೆ ರಾತ್ರಿ ಊಟಕ್ಕೆ ಯಾವ ಕಡೆ ಅಡುಗೆ ಮಾಡ್ತೀರಿ?"

ಅಕ್ಕ, ಹಿತ್ತಿಲಿನಲ್ಲಿ ಎಂತ ಬೆಳೆದಿದೆ, ಭರಣಿಯಲ್ಲಿ ಎಂತ ಉಳಿದಿದೆ, ಮಳೆ ಎಷ್ಟು ಜೋರು, ಇಷ್ಟು ನೋಡಿಯೇ ನಮ್ಮಲ್ಲಿ ರಾತ್ರಿಯ ಊಟ ತೀರ್ಮಾನ ಆಗುವುದು. ಗಡಿಯ ಆಚೆಗೂ ಈಚೆಗೂ ಅದೇ ಹಲಸು, ಅದೇ ತೆಂಗು. ಹಾಗಾಗಿ ಅಡುಗೆಯೂ ಹೆಚ್ಚುಕಡಿಮೆ ಅದೇ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಕೆ ಕೃಷಿಯ ಮನೆ. ಅಡ್ಯನಡ್ಕದ ಕಡೆ ಹೋದರೆ ಸ್ವಲ್ಪದರಲ್ಲೇ ಕರ್ನಾಟಕ. 1956ರ ನವೆಂಬರ್ 1ರ ಮೊದಲು ಇದೆಲ್ಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೇ. ಅಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ರೇಶನ್ ಕಾರ್ಡು, ಭೂಮಿಯ ಕಾಗದ ಎಲ್ಲ ಮಲಯಾಳದಲ್ಲಿ. ಮದುವೆ ಜವಳಿಗೆ ಪುತ್ತೂರು, ಕಾಯಿಲೆ ಜೋರಾದರೆ ಮಂಗಳೂರು. ನಮ್ಮ ಗುಡ್ಡೆಯ ಸುತ್ತಲೇ ಹವ್ಯಕ ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ ಮಾತಾಡುವ ಮನೆಗಳಿವೆ.

ರಾತ್ರಿ ಅಂದರೆ ನನಗೆ ಮೊದಲು ನೆನಪಾಗುವುದು ಗಂಜಿ. ಈಗ ದಿನಾ ಗಂಜಿ ಮಾಡುವ ಮನೆ ಕಡಿಮೆ. ಮಕ್ಕಳಿಗೆ ಚಪಾತಿ ಬೇಕು, ಹಿರಿಯರಿಗೆ ಶುಗರ್ ಅಂತ ಬೇರೆ ಎಂತಾದರೂ ಬೇಕು. ಆದರೆ ಜೂನ್‌ನಲ್ಲಿ ಮಳೆ ಹಿಡಿದು ಕರೆಂಟು ಹೋದರೆ ಸಾಕು, ಯಾರೂ ಹೇಳದೆಯೇ ಗಂಜಿ ಆಗಿರುತ್ತದೆ. ನಮ್ಮ ಗಂಜಿ ಕುಚ್ಚಿಲಕ್ಕಿಯದ್ದು. ಕುಚ್ಚಿಲಕ್ಕಿ ಅಂದರೆ ಭತ್ತವನ್ನೇ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ ಅಕ್ಕಿ. ದಪ್ಪ ಕಾಳು, ಮೇಲೆ ಕೆಂಪು ಗೀರು. ಬೇಯಲಿಕ್ಕೆ ತುಂಬಾ ಹೊತ್ತು ಬೇಕು. ಸೌದೆ ಒಲೆಯಲ್ಲಿ ಒಂದು ಗಂಟೆಯಾದರೂ ಕುದಿಯಬೇಕು. ಈಗ ಹೆಚ್ಚಿನ ಮನೆಗಳಲ್ಲಿ ಒಂದು ಕುದಿ ಬಂದ ಪಾತ್ರೆಯನ್ನು ಹಾಗೇ ಥರ್ಮಲ್ ಕುಕ್ಕರಿನ ಒಳಗೆ ಇಟ್ಟು ಮುಚ್ಚಿಬಿಡುತ್ತಾರೆ. ತೋಟದ ಕೆಲಸ ಮುಗಿಸಿ ಬರುವಾಗ ಅದು ತಾನೇ ಬೆಂದಿರುತ್ತದೆ. ಗ್ಯಾಸಿನ ಉಳಿತಾಯ ಬೇರೆ.

ಬಟ್ಟಲಿನಲ್ಲಿ ಅನ್ನದ ಅಗುಳೂ ಬೇಕು, ಅದು ಬೆಂದ ನೀರು, ಅಂದರೆ ತೆಳಿಯೂ ಬೇಕು. ಉಪ್ಪು, ಮೇಲಿಂದ ಒಂದು ಚಮಚ ತುಪ್ಪ. ಪಕ್ಕದಲ್ಲಿ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಉಪ್ಪಿನಕಾಯಿ ಇಲ್ಲವೇ ಚಟ್ನಿ. ಅಜ್ಜ ಸ್ಟೀಲಿನ ಚಮಚ ಮುಟ್ಟುತ್ತಿರಲಿಲ್ಲ. ಅಂಗಳದ ಹಲಸಿನ ಮರದಿಂದ ಬಲಿತ ಎಲೆ ತರುವುದು ಮಕ್ಕಳ ಕೆಲಸ. ಎಲೆಯ ಒಂದು ತುದಿಯನ್ನು ಕೋನವಾಗಿ ಮಡಚಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ನಿಲ್ಲಿಸಿದರೆ ಚಮಚ ಆಯಿತು. ಬಿಸಿ ತೆಳಿಗೆ ಎಲೆಯ ಪರಿಮಳ ಸ್ವಲ್ಪ ಬಿಡುತ್ತದೆ. ಅದು ನನಗೆ ಇವತ್ತಿಗೂ ಇಷ್ಟ.

ಶಾಲೆಯಲ್ಲೂ ಮಧ್ಯಾಹ್ನ ಗಂಜಿಯೇ ಇತ್ತು. ನಾವು ಕಲಿತದ್ದು ಕನ್ನಡ ಮೀಡಿಯಂ, ಆದರೆ ಶಾಲೆ ಕೇರಳದ್ದಲ್ವಾ, ಹಾಗಾಗಿ ಗಂಜಿ ಮತ್ತು ಹೆಸರುಕಾಳು. ಕಾಳನ್ನು ಇಡಿಯಾಗಿ ಬೇಯಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಮೆಣಸು ಒಗ್ಗರಣೆ ಕೊಟ್ಟ ಪಲ್ಯ. ಮನೆಯಿಂದ ಬಟ್ಟಲು ತಂದು ಸಾಲಾಗಿ ಕುಳಿತುಕೊಳ್ಳುತ್ತಿದ್ದೆವು. ಮಲಯಾಳಿಗಳ ಮನೆಗಳಲ್ಲಿ ಗಂಜಿಯ ಜೊತೆ ಹೆಸರುಕಾಳು ಮೊದಲಿಂದಲೂ ಇದ್ದದ್ದೇ. ನಮ್ಮ ಮನೆಯ ರಾತ್ರಿ ಊಟಕ್ಕೆ ಅದು ಬಂದದ್ದು ಶಾಲೆಯ ದಾರಿಯಲ್ಲಿ. "ಶಾಲೆಯ ಪಲ್ಯ ಮಾಡು" ಅಂತ ನಾವು ಹಟ ಹಿಡಿದು ಅಮ್ಮನಿಂದ ಮಾಡಿಸಿಕೊಂಡೆವು. ಈಗ ಅದು ನಮ್ಮದೇ ಅಡುಗೆ.

ಇನ್ನು ಉಪ್ಪಿನ ಸೊಳೆಯ ವಿಷಯ, ಅಂದರೆ ಉಪ್ಪು ಹಾಕಿ ಭರಣಿಯಲ್ಲಿಟ್ಟ ಹಲಸಿನ ತೊಳೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಮ್ಮ ಊಟ ತಿಳಿಯಬೇಕಾದರೆ ಇದೊಂದು ತಿಳಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನಕಾಯಿ ಚೆನ್ನಾಗಿ ಬೆಳೆದಿರುತ್ತದೆ, ಹಣ್ಣಾಗಿರುವುದಿಲ್ಲ. ಆ ಹದದಲ್ಲೇ ಕೊಯ್ಯಬೇಕು. ಹಣ್ಣಿನ ಕಡೆ ತಿರುಗಿದರೆ ಸೊಳೆ ಭರಣಿಯಲ್ಲಿ ಮೆತ್ತಗಾಗುತ್ತದೆ. ಹೊರಗಿನ ಚಾವಡಿಯಲ್ಲಿ ಗೋಣಿ ಹಾಸಿ, ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಂಡು ಕೂರುವುದು. ಇಲ್ಲದಿದ್ದರೆ ಮೇಣ ಅಂಟಿ ಬೆರಳು ಬಿಡಿಸಲಿಕ್ಕೆ ಆಗುವುದಿಲ್ಲ. ಒಬ್ಬರು ಕಾಯಿ ಸೀಳುತ್ತಾರೆ, ಇನ್ನೊಬ್ಬರು ನಡುವಿನ ಗೂಂಜು ತೆಗೆಯುತ್ತಾರೆ, ಉಳಿದವರು ಸೊಳೆ ಬಿಡಿಸಿ ಬೇಳೆ, ಅಂದರೆ ಹಲಸಿನ ಬೀಜ, ಬೇರೆ ಮಾಡುತ್ತಾರೆ. ಸಿಪ್ಪೆ, ನಾರು ದನಗಳಿಗೆ. ಬೇಳೆಗೆ ಕೆಂಪು ಮಣ್ಣು ಹಚ್ಚಿ ಇಟ್ಟರೆ ಮಳೆಗಾಲಕ್ಕೂ ಬರುತ್ತದೆ. ಸೊಳೆಯನ್ನು ಭರಣಿಗೆ ಒಂದು ಪದರ, ಅದರ ಮೇಲೆ ಹರಳುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು. ಮೇಲೆ ಭಾರಕ್ಕೆ ತೊಳೆದ ಕಲ್ಲು. ಒಂದೆರಡು ದಿನದಲ್ಲಿ ಸೊಳೆಯೇ ನೀರು ಬಿಟ್ಟು ಉಪ್ಪುನೀರು ಮೇಲೆ ನಿಲ್ಲುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟರೆ ಆಯಿತು.

ತೆಗೆಯುವುದು ಆಟಿ ತಿಂಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಲಯಾಳಿಗಳಿಗೆ ಕರ್ಕಾಟಕ. ಹಿಂದೆ ಆ ತಿಂಗಳಲ್ಲಿ ಹೊರಗೆ ಕೆಲಸವಿರಲಿಲ್ಲ, ಪೇಟೆಗೆ ಹೋಗಲಿಕ್ಕೆ ತೋಡು (ಹಳ್ಳ) ದಾಟುವಂತಿರಲಿಲ್ಲ, ಹಿತ್ತಿಲಿನಲ್ಲಿ ತರಕಾರಿ ಕೊಳೆತುಹೋಗಿರುತ್ತಿತ್ತು. ಆಗ ಮನೆ ನಡೆಸಿದ್ದು ಈ ಭರಣಿ. ಬೇಕಾದಷ್ಟು ಸೊಳೆ ತೆಗೆದು ನೀರಿನಲ್ಲಿ ಹಾಕಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿದರೆ ಉಪ್ಪು ಬಿಡುತ್ತದೆ. ಪಲ್ಯ ಮಾಡುವುದಾದರೆ ಸಣ್ಣಗೆ ಹೆಚ್ಚಿ ಬೇಯಿಸಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ, ಸಾಸಿವೆ, ಒಣಮೆಣಸಿನ ಒಗ್ಗರಣೆ, ಚೂರು ಬೆಲ್ಲ, ಕಾಯಿತುರಿ. ರೊಟ್ಟಿಗೆ ಸೊಳೆಯನ್ನು ನೆನೆಸಿದ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ), ಕಾಯಿತುರಿ ಜೊತೆ ರುಬ್ಬಿ, ಬಾಳೆ ಎಲೆಯ ಮೇಲೆ ತಟ್ಟಿ, ಎಲೆಸಮೇತ ಕಾವಲಿಗೆ ಮಗುಚುತ್ತಾರೆ. ಎಲೆ ಬಾಡಿದ ಮೇಲೆ ಮೆಲ್ಲಗೆ ಎಬ್ಬಿಸಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ತಟ್ಟುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ರೊಟ್ಟಿಯ ಅರ್ಧ ರುಚಿ ಬಾಡಿದ ಎಲೆಯದ್ದು.

ಅದೇ ಹಿಟ್ಟನ್ನು ಸ್ವಲ್ಪ ಗಟ್ಟಿ ರುಬ್ಬಿ, ಗೋಲಿಗಿಂತ ಸಣ್ಣ ಉಂಡೆ ಮಾಡಿ ಎಣ್ಣೆಯಲ್ಲಿ ಕರಿದರೆ ಉಂಡ್ಲಕಾಳು. ಉಂಡೆ ಮಾಡಲಿಕ್ಕೆ ಮನೆಯವರೆಲ್ಲ ಸುತ್ತ ಕುಳಿತುಕೊಳ್ಳಬೇಕು, ಅಷ್ಟು ಹೊತ್ತು ಹಿಡಿಯುತ್ತದೆ. ನನ್ನ ಚಿಕ್ಕಂದಿನ ಅತಿ ಸಂತೋಷದ ಸಂಜೆಗಳು ಅವು. ಹೊರಗೆ ಧೋ ಅಂತ ಮಳೆ, ಅತ್ತೆ ಬಾಣಲೆಯ ಎದುರು, ನಾವು ಮಕ್ಕಳು ಉಂಡೆ ಕಟ್ಟುತ್ತಾ ಪಾಠದ ಪದ್ಯ ಒಪ್ಪಿಸುವುದು. ಆ ರಾತ್ರಿ ಗಂಜಿಗೆ ಬೇರೆ ಬೆಂದಿ (ಸಾರು, ಸಾಂಬಾರು) ಬೇಡ.

ಮಳೆಗಾಲದ ಇನ್ನೊಂದು ಆಸರೆ ಸೌತೆಕಾಯಿ, ನೀವು ಮಂಗಳೂರು ಸೌತೆ ಅನ್ನುವ ಜಾತಿ. ಬೇಸಗೆಯಲ್ಲಿ ಬೆಳೆದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಪಕಾಸಿಗೆ (ಮಾಡಿನ ಮರದ ಪಟ್ಟಿಗೆ) ಸಾಲಾಗಿ ನೇತುಹಾಕುತ್ತಿದ್ದರು. ನಿತ್ಯ ಒಂದು ಇಳಿಸುವುದು. ಮಣ್ಣಿನಲ್ಲಿಟ್ಟ ಹಲಸಿನ ಬೇಳೆ ಜಜ್ಜಿ, ಸೌತೆಯ ಜೊತೆ ಬೇಯಿಸಿ, ಉಪ್ಪು, ಹಸಿಮೆಣಸು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಬೋಳು ಕೊದ್ದೆಲ್. ಕಾಯಿ ಅರೆಯಲಿಕ್ಕಿಲ್ಲ, ಮಸಾಲೆ ಇಲ್ಲ. ದಣಿದು ಬಂದ ರಾತ್ರಿಗೆ ಇದಕ್ಕಿಂತ ಸುಲಭದ ಅಡುಗೆ ನಮ್ಮ ಕಡೆ ಇಲ್ಲ.

ನಮ್ಮದು ಮೀನು ತಿನ್ನದ ಮನೆ. ಆದರೆ ಮೀನಿನ ಲೆಕ್ಕ ಬಿಟ್ಟು ಕಾಸರಗೋಡಿನ ರಾತ್ರಿ ಊಟದ ಬಗ್ಗೆ ಹೇಳಿದರೆ ಅದು ಪೂರ್ತಿ ಆಗುವುದಿಲ್ಲ. ನೆರೆಯ ತುಳು ಮನೆಗಳಲ್ಲಿ ಗಂಜಿಗೆ ಬೂತಾಯಿ, ಬಂಗುಡೆಯ ಸಾರು. ಮಳೆಗಾಲದಲ್ಲಿ ಬೋಟುಗಳಿಗೆ ಮೀನುಗಾರಿಕೆ ನಿಷೇಧ: ಕರ್ನಾಟಕದಲ್ಲಿ ಜೂನ್ 1ರಿಂದ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ, ಎರಡೂ ಕಡೆ ಜುಲೈ 31ರ ತನಕ. ಆಗ ಬೇಸಗೆಯಲ್ಲಿ ಒಣಗಿಸಿಟ್ಟ ಮೀನಿನ ಚಟ್ನಿ. ನಮ್ಮ ಸೊಳೆಯ ಭರಣಿ, ಅವರ ಒಣಮೀನಿನ ಡಬ್ಬ, ಎರಡೂ ತೆರೆಯುವುದು ಒಂದೇ ತಿಂಗಳಲ್ಲಿ.

ತೋಟದ ಆಚೆ ಬದಿಯಲ್ಲಿ ಮಲಯಾಳ ಮಾತಾಡುವ ಮುಸ್ಲಿಂ ಮನೆ ಇದೆ. ಅಲ್ಲಿಯ ಉಮ್ಮನ ಪತ್ತಿರಿ ಅಂದರೆ ನಮಗೆಲ್ಲ ಪ್ರಾಣ. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಲಟ್ಟಿಸಿ, ಎಣ್ಣೆ ಇಲ್ಲದೆ ಸುಟ್ಟ ರೊಟ್ಟಿ. ಅದಕ್ಕೆ ತೆಂಗಿನ ಹಾಲು ಹೊಯ್ದುಕೊಂಡು ತಿನ್ನುವುದು. ರಮಜಾನಿನಲ್ಲಿ ಬಾಳೆ ಎಲೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ನಾವು ಖಾಲಿ ಕೈಯಲ್ಲಿ ಹಿಂದೆ ಕಳಿಸುವವರಲ್ಲ, ಹಪ್ಪಳದ ಕಟ್ಟು ಹೋಗುತ್ತಿತ್ತು. ಪೂರ್ವದ ಗುಡ್ಡಗಳ ಕಡೆಗೆ ತಿರುವಾಂಕೂರಿನಿಂದ ಬಂದು ನೆಲೆನಿಂತ ಕೃಷಿಕರಿಂದ ಮರಗೆಣಸು ನಮ್ಮ ಊಟಕ್ಕೂ ಸೇರಿತು. ಬೇಯಿಸಿದ ಗೆಣಸು, ಅದರ ಜೊತೆ ಹಸಿಮೆಣಸು, ಉಪ್ಪು, ಚೂರು ಹುಣಸೆ ಸೇರಿಸಿ ಅರೆದ ಚಟ್ನಿ, ಮೇಲೆ ಹಸಿ ತೆಂಗಿನೆಣ್ಣೆ. ಅಷ್ಟೇ ರಾತ್ರಿ ಊಟ.

ಈ ಅಡುಗೆ ಎಷ್ಟು ಆಧಾರದ್ದು ಅಂತ ನಮಗೆ ಮತ್ತೆ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಕೊರೋನಾ ಬಂದು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಕಷ್ಟಪಟ್ಟರು. ಆ ಸಂಕಟ ನಾವು ಮರೆಯುವುದಿಲ್ಲ. ಪೇಟೆಯ ತರಕಾರಿ ಬರುವುದೂ ಘಟ್ಟದ ಮೇಲಿಂದಲೇ, ಅದೂ ನಿಂತಿತು. ಆದರೆ ಹಲಸಿನ ಕಾಲ ಅದು. ಪಲ್ಯಕ್ಕೆ ಗುಜ್ಜೆ (ಎಳೆ ಹಲಸಿನಕಾಯಿ) ಇತ್ತು, ಬಾಳೆಯ ದಿಂಡು, ಹೂವು ಇತ್ತು, ಬೇಲಿಯಲ್ಲಿ ಬಸಳೆ ಇತ್ತು. ಎಷ್ಟೋ ವರ್ಷದಿಂದ ಭರಣಿ ತೊಳೆಯದ ಮನೆಗಳಲ್ಲೂ ಆ ವರ್ಷ ಸೊಳೆ ಹಾಕಿದರು. ಉದ್ಯೋಗಕ್ಕೆ ಬೆಂಗಳೂರು ಸೇರಿದ್ದ ಮಕ್ಕಳು ಮನೆಯಲ್ಲೇ ಇದ್ದು ಮೊದಲ ಸಲ ಅದನ್ನು ಕಲಿತರು. ನನಗೆ ತುಂಬಾ ಸಮಾಧಾನವಾದ ವಿಷಯ ಇದು. ಯಾಕೆಂದರೆ ಗದ್ದೆಗಳು ಅಡಕೆ ತೋಟವಾಗಿ ಕುಚ್ಚಿಲಕ್ಕಿಯನ್ನು ನಾವೂ ಈಗ ಅಂಗಡಿಯಿಂದಲೇ ತರುತ್ತೇವೆ. ಸೊಳೆ ಹಾಕುವುದಾದರೂ ಕೈಯಲ್ಲಿ ಉಳಿಯಬೇಕು.

ನಿಮ್ಮ ಊರಿನಲ್ಲಿ ಇದರಲ್ಲಿ ಎಂತ ಮಾಡಬಹುದು ಅಂತಲೂ ಕೇಳಿದ್ದೀರಿ. ಮೊದಲು ತಂಬುಳಿ ಮಾಡಿ ನೋಡಿ. ಒಂದೆಲಗ ಈಗ ಮಾರ್ಕೆಟಿನಲ್ಲಿ ಸಿಗುತ್ತದೆ, ಕುಂಡದಲ್ಲೂ ಬೆಳೆಯುತ್ತದೆ. ಒಂದು ಹಿಡಿ ಎಲೆ, ಅರ್ಧ ಕಪ್ ಕಾಯಿತುರಿ, ನಾಲ್ಕೈದು ಕಾಳುಮೆಣಸು, ಸ್ವಲ್ಪ ಜೀರಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕದಡಿ. ಉಪ್ಪು, ತುಪ್ಪದಲ್ಲಿ ಸಾಸಿವೆ ಒಗ್ಗರಣೆ. ಒಲೆಗೆ ಇಡಬೇಡಿ, ಸುಮ್ನೆ ಹಾಗೇ ಬಡಿಸಿ. ನಿಮ್ಮ ಸಣ್ಣಕ್ಕಿ ಅನ್ನಕ್ಕೂ ಚೆನ್ನಾಗಿ ಹೊಂದುತ್ತದೆ. ಒಂದೆಲಗ ಇಲ್ಲದಿದ್ದರೆ ದಾಳಿಂಬೆಯ ಎಳೆ ಚಿಗುರನ್ನು ತುಪ್ಪದಲ್ಲಿ ಬಾಡಿಸಿಕೊಂಡು ಹೀಗೆಯೇ ಮಾಡಬಹುದು. ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಅದನ್ನೇ ಕೊಡುವುದು.

ಕುಚ್ಚಿಲಕ್ಕಿ ಸಿಕ್ಕಿದರೆ ರಾತ್ರಿಯಿಡೀ ನೆನೆಸಿಟ್ಟು ಕುಕ್ಕರಿನಲ್ಲಿ ನೀರು ಜಾಸ್ತಿ ಇಟ್ಟು ಬೇಯಿಸಿ, ಒಲೆಯಷ್ಟು ಹೊತ್ತು ಬೇಡ. ಮಂಗಳೂರು, ಪುತ್ತೂರು ಕಡೆ ಪರಿಚಯದವರಿದ್ದರೆ ಉಪ್ಪಿನ ಸೊಳೆಯನ್ನೂ ತರಿಸಿಕೊಳ್ಳಿ. ತುಳುವರ ಹತ್ತಿರ ಉಪ್ಪಡ್ ಪಚ್ಚಿಲ್ ಅಂತ ಕೇಳಬೇಕು. ಬೇಯಿಸುವಾಗ ಉಪ್ಪು ಹಾಕಬೇಡಿ, ಅದರಲ್ಲಿ ಉಳಿದದ್ದೇ ಸಾಕಾಗುತ್ತದೆ. ಮೊದಲ ಸಲಕ್ಕೆ ಪಲ್ಯ ಮಾಡಿ, ರೊಟ್ಟಿಗೆ ಕೈ ಪಳಗಬೇಕು.